ಸಿಲಿಂಡರಿನ 14.2 ಕಿಲೋ ಎಲ್ಲಿಗೆ ಹೋಯಿತು?

ಗ್ಯಾಸ್ ತರುವವರು ಕೇಳಿದರೆ ತೂಗಿ ತೋರಿಸುತ್ತಾರೆ. ನಾನಂತೂ ಪ್ರತಿ ಸಲ ಕೇಳುತ್ತೇನೆ. ಹೆಗಲಿನಿಂದ ಸಿಲಿಂಡರ್ ಇಳಿಸಿ, ಕೈತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ, ಉಸಿರು ಬಿಗಿಹಿಡಿದು ಎತ್ತುತ್ತಾರೆ. ಪುಟ್ಟ ಪರದೆಯಲ್ಲಿ 30.1 ಬರುತ್ತದೆ. ಸಿಲಿಂಡರಿನ ಕತ್ತಿನ ಹತ್ತಿರ ಅದರ ಖಾಲಿ ತೂಕ ಬರೆದಿರುತ್ತದೆ. ಹೋದ ಸಲ ಬಂದದ್ದರಲ್ಲಿ 15.9 ಇತ್ತು. ಕಳೆದರೆ 14.2. "ಸರಿ ಇದೆ ಅಲ್ವಾ ಸಾರ್?" ಎಂದು ಕೇಳಿ ಅವರು ಮುಂದಿನ ಮನೆಗೆ ಹೊರಡುತ್ತಾರೆ.

ಒಂದೂವರೆ ತಿಂಗಳಾದ ಮೇಲೆ ಅದೇ ಸಿಲಿಂಡರನ್ನು ಟಣಟಣ ಎನ್ನಿಸುತ್ತ ಬಾಗಿಲಿಗೆ ಉರುಳಿಸಿಕೊಂಡು ಬರುತ್ತೇವೆ. 14.2 ಕಿಲೋ ಇಲ್ಲ. ಅಕ್ಕಿಯಾಗಿದ್ದರೆ ತಿಂದೆವು ಅನ್ನಬಹುದಿತ್ತು. ಸೌದೆಯಾಗಿದ್ದರೆ ಬೂದಿಯಾದರೂ ಉಳಿಯುತ್ತಿತ್ತು. ಇಲ್ಲಿ ಅದೂ ಇಲ್ಲ. ಹಾಗಾದರೆ ಎಲ್ಲಿ ಹೋಯಿತು?

ಯಾರನ್ನು ಕೇಳಿದರೂ ಒಂದೇ ಉತ್ತರ: "ಉರಿದು ಶಾಖ ಆಯ್ತು ಕಣ್ರೀ." ಕೇಳೋಕೆ ಸರಿಯಾಗಿದೆ. ಆದರೆ ಪೂರಾ ತಪ್ಪು. 14.2 ಕಿಲೋ ವಸ್ತು ನಿಜಕ್ಕೂ ಶಾಖವಾಗಿಬಿಟ್ಟರೆ ಏನಾಗುತ್ತದೆ ಗೊತ್ತಾ? ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ಅದು ಒಂದು ನಿಮಿಷವೂ ನಿಲ್ಲದೆ ಪೂರ್ತಿ ಜೋರಿನಲ್ಲಿ ಹತ್ತಿರ ಹತ್ತಿರ 39 ವರ್ಷ ಓಡಿದರೆ ಎಷ್ಟು ಶಕ್ತಿ ಬರುತ್ತದೋ, ಅಷ್ಟು ಒಂದೇ ಸಿಲಿಂಡರಿನಿಂದ ಬರುತ್ತದೆ. ನಮಗೆ ಸಿಕ್ಕಿದ್ದು ಒಂದೂವರೆ ತಿಂಗಳ ಅನ್ನ, ಸಾರು, ಕಾಫಿ.

ಮೊದಲು ಸಿಲಿಂಡರಿನೊಳಗೆ ಏನಿದೆ ನೋಡೋಣ. ಅಲುಗಾಡಿಸಿದರೆ ಒಳಗೆ ಗುಳುಗುಳು ಅನ್ನುತ್ತದೆ, ಅಂದರೆ ಇರುವುದು ದ್ರವ. ಪ್ರೋಪೇನ್, ಬ್ಯೂಟೇನ್ ಎಂಬ ಎರಡರ ಮಿಶ್ರಣ. ಲೆಕ್ಕ ಸುಲಭವಾಗಲಿ ಎಂದು ಎಲ್ಲವೂ ಬ್ಯೂಟೇನ್ ಅಂದುಕೊಳ್ಳುತ್ತೇನೆ, ಉತ್ತರ ಹೆಚ್ಚೇನೂ ಬದಲಾಗುವುದಿಲ್ಲ. ಬ್ಯೂಟೇನ್ ಕುದಿಯುವುದು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ. ನಮ್ಮ ಅಡುಗೆಮನೆಯ ಸೆಕೆಯಲ್ಲಿ ಅದು ಅನಿಲವಾಗಿಯೇ ಇರಬೇಕಿತ್ತು. ಒತ್ತಿ ತುಂಬಿ, ಮುಚ್ಚಳ ಬಿಗಿದು, ದ್ರವವಾಗಿ ಕೂರಿಸಿದ್ದಾರೆ. ಒಳಗೆ ಸುಮಾರು 26 ಲೀಟರ್ ಇರುತ್ತದೆ. ಪೂರ್ತಿ ಬಿಟ್ಟರೆ ಅದೇ 6,000 ಲೀಟರ್ ಅನಿಲವಾಗುತ್ತದೆ. ಬೆಂಗಳೂರಿನ ಬೇಸಿಗೆಯಲ್ಲಿ ದುಡ್ಡು ಕೊಟ್ಟು ತರಿಸುವ ಸಣ್ಣ ನೀರಿನ ಟ್ಯಾಂಕರ್ ಇದೆಯಲ್ಲ, ಅಷ್ಟು.

ವಸ್ತು ಅಷ್ಟೇ, ಕಣಗಳೂ ಅಷ್ಟೇ. ದ್ರವದಲ್ಲಿ ಅವು ಸಂತೆಯ ಜನರ ಹಾಗೆ ಒಬ್ಬರಿಗೊಬ್ಬರು ತಾಗಿಕೊಂಡು ಜಾರಾಡುತ್ತಿರುತ್ತವೆ. ಅನಿಲವಾದ ಕೂಡಲೇ ಒಂದೊಂದೂ ತನ್ನ ದಾರಿ ಹಿಡಿಯುತ್ತದೆ. ಸಾಮಾನ್ಯ ಸೆಕೆಯಲ್ಲೇ ಬ್ಯೂಟೇನಿನ ಒಂದು ಕಣ ಸೆಕೆಂಡಿಗೆ ಸುಮಾರು 350 ಮೀಟರ್ ವೇಗದಲ್ಲಿ ಹಾರುತ್ತದೆ. ಬಿಸಿ ಎಂದು ನಾವು ಕರೆಯುವುದು ಕಣಗಳ ಈ ಓಡಾಟವನ್ನೇ. ಜಾಸ್ತಿ ಓಡಾಟ ಇದ್ದರೆ ಬಿಸಿ, ಕಡಿಮೆ ಇದ್ದರೆ ತಂಪು. ಬಿಸಿ ಅನ್ನುವ ಬೇರೆ ಪದಾರ್ಥ ಯಾವುದೂ ಇಲ್ಲ.

ಈ ಕಣವನ್ನು ಇನ್ನೂ ಹತ್ತಿರ ಹೋಗಿ ನೋಡಿದರೆ, ನಾಲ್ಕು ಇಂಗಾಲದ ಪರಮಾಣುಗಳು ಸಾಲಾಗಿ ಕೈ ಹಿಡಿದು ನಿಂತಿವೆ, ಸುತ್ತ ಹತ್ತು ಜಲಜನಕದ ಪರಮಾಣುಗಳು ಅಂಟಿಕೊಂಡಿವೆ. ಇಷ್ಟೇ ಬ್ಯೂಟೇನ್. ಪರಮಾಣು ಎಷ್ಟು ಸಣ್ಣದು ಅಂದರೆ, ಇಂಗಾಲದವನ್ನು ಒಂದರ ಪಕ್ಕ ಒಂದು ಇಟ್ಟರೆ ಒಂದು ಮಿಲಿಮೀಟರಿನಲ್ಲಿ 60 ಲಕ್ಷಕ್ಕಿಂತ ಜಾಸ್ತಿ ಹಿಡಿಯುತ್ತವೆ. ಸಿಲಿಂಡರಿನಲ್ಲಿ ಒಟ್ಟು ಎಷ್ಟು ಪರಮಾಣುಗಳಿವೆ ಎಂದು ಬರೆಯಬೇಕಾದರೆ 2 ಬರೆದು ಮುಂದೆ 27 ಸೊನ್ನೆ ಹಾಕಬೇಕು. ಕೋಟಿ, ಲಕ್ಷ ಕೋಟಿ ಎಲ್ಲ ಇಲ್ಲಿ ಚಿಲ್ಲರೆ.

ಈಗ ಒಂದು ಕೆಲಸ ಮಾಡಿ. ನಾಳೆ ಬೆಳಗ್ಗೆ ಸ್ಟೀಲ್ ಪಾತ್ರೆಗೆ ತಣ್ಣೀರು ತುಂಬಿ, ತಳವನ್ನು ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಒಲೆ ಮೇಲಿಟ್ಟು ಉರಿ ಹಚ್ಚಿ. ಸ್ವಲ್ಪ ಹೊತ್ತಿನಲ್ಲೇ ಬಗ್ಗಿ ನೋಡಿ. ಪಾತ್ರೆಯ ಹೊರಮೈ ಮಂಜು ಹಿಡಿದ ಹಾಗೆ ಮಸುಕಾಗುತ್ತದೆ. ತಳದ ಅಂಚಿನಲ್ಲಿ ಹನಿ ಕೂಡುತ್ತದೆ. ಒಂದೆರಡು ಹನಿ ಬರ್ನರ್ ಮೇಲೆ ಬಿದ್ದು ಚುಯ್ ಅನ್ನುತ್ತವೆ. ಪಾತ್ರೆ ಬಿಸಿಯಾದ ಮೇಲೆ ಎಲ್ಲ ಮಾಯ. ನಮ್ಮಮ್ಮ ಇದನ್ನು ನೋಡಿ ತಪ್ಪಲೆ ಸೋರುತ್ತಿದೆ ಅಂದುಕೊಂಡು ಅದನ್ನು ಹಳೇ ಪಾತ್ರೆಯವನಿಗೆ ಹಾಕಿಬಿಟ್ಟಿದ್ದರು. ಒಳ್ಳೆ ತಪ್ಪಲೆ, ಪಾಪ.

ಆ ನೀರು ಪಾತ್ರೆಯೊಳಗಿನದಲ್ಲ. ಹೊರಗಿನ ಗಾಳಿಯ ತೇವವೂ ಅಲ್ಲ. ಅದು ಬೆಂಕಿಯಿಂದ ಬಂದ ನೀರು.

ಉರಿಯುವುದು ಅಂದರೆ ಇಷ್ಟು: ಬ್ಯೂಟೇನ್ ಕಣ ಮುರಿಯುತ್ತದೆ. ಗಾಳಿಯ ಆಮ್ಲಜನಕವೂ ಮುರಿಯುತ್ತದೆ. ಬಿಡಿಯಾದ ಪರಮಾಣುಗಳು ಹೊಸ ಜೊತೆ ಹುಡುಕಿಕೊಳ್ಳುತ್ತವೆ. ಒಂದು ಇಂಗಾಲಕ್ಕೆ ಎರಡು ಆಮ್ಲಜನಕ ಸೇರಿದರೆ ಇಂಗಾಲದ ಡೈಆಕ್ಸೈಡ್. ಎರಡು ಜಲಜನಕಕ್ಕೆ ಒಂದು ಆಮ್ಲಜನಕ ಸೇರಿದರೆ ನೀರು. ಪರಮಾಣು ಒಂದೂ ಸಾಯುವುದಿಲ್ಲ, ಒಂದೂ ಹುಟ್ಟುವುದಿಲ್ಲ.

ಹಾಗಾಗಿ ತೂಕ ಹಾಕಬಹುದು. ಜಲಜನಕದ ಪರಮಾಣುವಿನ ತೂಕ 1 ಅಂದರೆ ಇಂಗಾಲದ್ದು 12, ಆಮ್ಲಜನಕದ್ದು 16. ಇದನ್ನು ಹಿಡಿದು ಕೂಡಿದರೆ, 14.2 ಕಿಲೋ ಬ್ಯೂಟೇನ್ ಉರಿಯಲು ಗಾಳಿಯಿಂದ ಸುಮಾರು 50.9 ಕಿಲೋ ಆಮ್ಲಜನಕ ಬೇಕು. ಎರಡೂ ಸೇರಿ 65.1. ಹೊರಗೆ ಬರುವುದು 43.1 ಕಿಲೋ ಇಂಗಾಲದ ಡೈಆಕ್ಸೈಡ್, 22 ಕಿಲೋ ನೀರು. ಅದೂ ಸೇರಿ 65.1. ಕಿರಾಣಿ ಅಂಗಡಿಯ ಲೆಕ್ಕದ ಹಾಗೆ ತಾಳೆಯಾಯಿತು.

ಆ 22 ಕಿಲೋ ನೀರನ್ನು ಒಂದು ಸಲ ಕಣ್ಣ ಮುಂದೆ ತಂದುಕೊಳ್ಳಿ. 20 ಲೀಟರಿನ ಕ್ಯಾನ್ ತುಂಬಿ ಮೇಲೆ ಎರಡು ಲೀಟರ್ ಉಳಿಯುತ್ತದೆ. ಪ್ರತಿ ಸಿಲಿಂಡರಿಗೂ ಒಂದು ಕ್ಯಾನ್ ನೀರು ನಮ್ಮ ಒಲೆಯ ಮೇಲೆ ಹುಟ್ಟಿ, ಆವಿಯಾಗಿ ಕಿಟಕಿಯಿಂದ ಆಚೆ ಹೋಗುತ್ತದೆ. ನೀರಿನ ಕ್ಯಾನಿಗೆ ಮಾತ್ರ ನಾವು ಬೇರೆ ದುಡ್ಡು ಕೊಡುತ್ತೇವೆ.

ಹೀಗೆ ತೂಗಿ ನೋಡುವ ಬುದ್ಧಿ ಕಲಿಸಿದವರಲ್ಲಿ ದೊಡ್ಡ ಹೆಸರು ಫ್ರಾನ್ಸಿನ ರಸಾಯನ ವಿಜ್ಞಾನಿ ಲಾವಾಸಿಯೇ. ಅವರ ಕಾಲದಲ್ಲಿ, ಉರಿಯುವಾಗ ಫ್ಲಾಜಿಸ್ಟನ್ ಎಂಬ ಏನೋ ಒಂದು ಹೊರಗೆ ಹೋಗುತ್ತದೆ ಎಂದು ಪಂಡಿತರು ನಂಬಿದ್ದರು. "ಉರಿದು ಶಾಖ ಆಯ್ತು" ಅನ್ನುವ ನಮ್ಮ ಮಾತು ಅದರ ತಮ್ಮ. 1774ರಲ್ಲಿ ಲಾವಾಸಿಯೇ ಗಾಜಿನ ಪಾತ್ರೆಯಲ್ಲಿ ತವರ ಇಟ್ಟು, ಬಾಯಿ ಭದ್ರವಾಗಿ ಮುಚ್ಚಿ ಕಾಯಿಸಿದರು. ತವರದ ಮೇಲೆ ಬೂದಿಯಂಥ ಪದರ ಬಂತು. ತೂಗಿದರೆ ಮೊದಲಿನಷ್ಟೇ ತೂಕ. ಬಾಯಿ ತೆಗೆದಾಗ ಹೊರಗಿನ ಗಾಳಿ ಒಳಗೆ ನುಗ್ಗಿತು, ಆಮೇಲೆ ತೂಕ ಏರಿತು. ಅಂದರೆ ತವರದಿಂದ ಏನೂ ಹೊರಗೆ ಹೋಗಿರಲಿಲ್ಲ. ಒಳಗಿದ್ದ ಗಾಳಿಯ ಒಂದು ಭಾಗವೇ ತವರದೊಳಗೆ ಸೇರಿತ್ತು. 1783ರ ಹೊತ್ತಿಗೆ ನೀರು ಮೂಲವಸ್ತುವಲ್ಲ, ಎರಡು ಅನಿಲ ಸೇರಿ ಆದದ್ದು ಎಂದೂ ಅವರು ತೋರಿಸಿದರು. ಫ್ರೆಂಚ್ ಕ್ರಾಂತಿಯ ಗಲಾಟೆಯಲ್ಲಿ, 1794ರಲ್ಲಿ ಅವರ ತಲೆ ಕತ್ತರಿಸಿದರು. ತೆರಿಗೆ ವಸೂಲಿಯ ಗುತ್ತಿಗೆಯಲ್ಲಿ ಪಾಲುದಾರರಾಗಿದ್ದದ್ದು ಮುಳುವಾಯಿತು.

ಲಾವಾಸಿಯೇ ನಮ್ಮ ಭಾಷೆಯಲ್ಲಿ ಇನ್ನೂ ಕೂತಿದ್ದಾರೆ. ಜಲಜನಕ ಎಂಬುದು ಅವರ ಗುಂಪು ಇಟ್ಟ ಹೆಸರಿನದೇ ಅರ್ಥ: ನೀರನ್ನು ಹುಟ್ಟಿಸುವುದು. ತಪ್ಪಲೆ ತಳದ ಹನಿ ನೋಡಿದವರಿಗೆ ಈ ಹೆಸರು ಎಷ್ಟು ಸರಿ ಎಂದು ಗೊತ್ತಾಗುತ್ತದೆ. ಆಮ್ಲಜನಕ ಮಾತ್ರ ಅವರ ತಪ್ಪು. ಎಲ್ಲ ಆಮ್ಲಗಳಲ್ಲೂ ಅದು ಇರುತ್ತದೆ ಅಂದುಕೊಂಡು "ಆಮ್ಲ ಹುಟ್ಟಿಸುವುದು" ಎಂದು ಹೆಸರಿಟ್ಟರು. ನಮ್ಮ ಹೊಟ್ಟೆಯಲ್ಲೇ ಇರುವ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕದ ಸುಳಿವೇ ಇಲ್ಲ. ತಪ್ಪು ಗೊತ್ತಾಗಿ ಇನ್ನೂರು ವರ್ಷವಾದರೂ ಹೆಸರು ಹಾಗೇ ಉಳಿದಿದೆ.

ಸರಿ, ಪರಮಾಣುಗಳೆಲ್ಲ ಲೆಕ್ಕಕ್ಕೆ ಸಿಕ್ಕವು. ಹಾಗಾದರೆ ಶಾಖ ಎಲ್ಲಿಂದ ಬಂತು?

ಇಲ್ಲಿ ಬಹಳ ಜನ ಎಡವುತ್ತಾರೆ. ನಾನೂ ಕಾಲೇಜಿನವರೆಗೆ ಎಡವಿದ್ದೆ. ಪರಮಾಣುಗಳ ನಡುವಿನ ಬಂಧದೊಳಗೆ ಶಕ್ತಿ ಬಚ್ಚಿಟ್ಟುಕೊಂಡಿರುತ್ತದೆ, ಮುರಿದರೆ ಪಟಾಕಿ ಥರ ಹೊರಗೆ ಬರುತ್ತದೆ ಅಂದುಕೊಂಡಿದ್ದೆ. ನಿಜ ಇರುವುದು ಉಲ್ಟಾ. ಬಂಧ ಮುರಿಯಲು ಶಕ್ತಿ ಖರ್ಚು ಮಾಡಬೇಕು. ಬಂಧ ಕೂಡಿದಾಗ ಶಕ್ತಿ ಸಿಗುತ್ತದೆ.

ಎರಡು ಅಯಸ್ಕಾಂತ ತೆಗೆದುಕೊಳ್ಳಿ. ಅಂಟಿದ್ದನ್ನು ಬಿಡಿಸಲು ನೀವು ಎಳೆಯಬೇಕು, ಕೈಗೆ ಕೆಲಸ. ಬಿಟ್ಟರೆ ತಾವೇ ಓಡಿ ಬಂದು ಟಕ್ ಎಂದು ಹೊಡೆದುಕೊಳ್ಳುತ್ತವೆ. ಆ ಟಕ್ ಶಬ್ದವೇ ಹೊರಗೆ ಬಂದ ಶಕ್ತಿ. ಪರಮಾಣುಗಳದ್ದೂ ಹೆಚ್ಚುಕಡಿಮೆ ಇದೇ ಕಥೆ. ಬಲವಾಗಿ ಅಂಟುವ ಜೋಡಿ ಸಿಕ್ಕರೆ ಟಕ್ ಜೋರು.

ಬ್ಯೂಟೇನಿನ ಖರ್ಚು ವೆಚ್ಚ ರೂಪಾಯಿಯಲ್ಲಿ ಹೇಳುತ್ತೇನೆ. ಬ್ಯೂಟೇನನ್ನೂ ಅದಕ್ಕೆ ಬೇಕಾದ ಆಮ್ಲಜನಕವನ್ನೂ ಪೂರ್ತಿ ಬಿಡಿಸಲು 84 ರೂಪಾಯಿ ಖರ್ಚು. ಬಿಡಿ ಪರಮಾಣುಗಳು ನೀರು, ಇಂಗಾಲದ ಡೈಆಕ್ಸೈಡ್ ಆಗಿ ಸೇರಿಕೊಂಡಾಗ ವಾಪಸ್ಸು ಬರುವುದು ಸುಮಾರು 110 ರೂಪಾಯಿ. ಲಾಭ 26 ರೂಪಾಯಿ. ನಮ್ಮ ಕಾಫಿ ಕಾಯುವುದು ಆ 26ರಲ್ಲಿ. ಹಳೇ ಜೊತೆಗಿಂತ ಹೊಸ ಜೊತೆ ಗಟ್ಟಿ, ಅದಕ್ಕೇ ಲಾಭ. ವಸ್ತು ಕರಗಿ ಶಾಖವಾದದ್ದಲ್ಲ.

ಲೈಟರ್ ಯಾಕೆ ಬೇಕು ಎಂಬುದಕ್ಕೂ ಇದೇ ಉತ್ತರ. ಲಾಭದ ವ್ಯಾಪಾರವೇ ಆದರೂ ಮೊದಲು ಬಂಡವಾಳ ಹಾಕಬೇಕು. ಕಿಡಿ ಕೊಡುವುದು ಆ ಮೊದಲ ದುಡ್ಡು. ಆಮೇಲೆ ಒಂದು ಕಣದ ಲಾಭದಲ್ಲಿ ಪಕ್ಕದ ಕಣಗಳ ಖರ್ಚು ನಡೆಯುತ್ತದೆ, ಬೆಂಕಿ ತನ್ನಷ್ಟಕ್ಕೆ ಓಡುತ್ತದೆ. ಜೋರು ಗಾಳಿ ಬೀಸಿದರೆ ಆ ಲಾಭವೆಲ್ಲ ಆಚೆ ಹಾರಿಹೋಗಿ, ಬಂಡವಾಳ ಸಾಲದೆ ಉರಿ ಆರುತ್ತದೆ.

ಶಕ್ತಿ ಅನ್ನುವುದನ್ನು ಪದಾರ್ಥ ಅಂದುಕೊಂಡರೆ ತಲೆ ಕೆಡುತ್ತದೆ. ಬ್ಯಾಂಕ್ ಪಾಸ್‌ಬುಕ್ಕಿನ ಅಂಕಿಯ ಹಾಗೆ ಅದೊಂದು ಲೆಕ್ಕ. ಒಂದು ಖಾತೆಯಲ್ಲಿ ಕಡಿಮೆಯಾದರೆ ಇನ್ನೊಂದರಲ್ಲಿ ಅಷ್ಟೇ ಏರುತ್ತದೆ. ಒಂದು ಸಿಲಿಂಡರಿನ ಒಟ್ಟು ಲಾಭ ಸುಮಾರು 650 ಮೆಗಾಜೂಲ್. ಕರೆಂಟ್ ಬಿಲ್ಲಿನ ಭಾಷೆಯಲ್ಲಿ 180 ಯೂನಿಟ್. ಗೃಹಜ್ಯೋತಿಯ 200 ಯೂನಿಟ್ ಮಿತಿಗೆ ಸ್ವಲ್ಪ ಕಡಿಮೆ.

ಉರಿಯ ಬಣ್ಣದಲ್ಲೂ ಪರಮಾಣುಗಳ ಆಟ ಕಾಣುತ್ತದೆ. ಗಾಳಿ ಸರಿಯಾಗಿ ಸೇರಿದರೆ ಉರಿ ನೀಲಿ. ಬರ್ನರಿನ ತೂತು ಕಟ್ಟಿಕೊಂಡಾಗ ಗಾಳಿ ಸಾಲದೆ, ಜೊತೆ ಸಿಗದ ಇಂಗಾಲ ಪುಡಿಯಾಗಿ ಉಳಿದು, ಕೆಂಡದಂತೆ ಕಾದು ಹಳದಿಯಾಗಿ ಹೊಳೆಯುತ್ತದೆ. ಪಾತ್ರೆಗೆ ಅಂಟುವ ಮಸಿ ಅದೇ. ಇಂಗಾಲ ಎಂಬ ಪದಕ್ಕೂ ಕೆಂಡ, ಇದ್ದಿಲು ಎಂಬುದೇ ಹಳೆಯ ಅರ್ಥ.

ಸಾರು ಉಕ್ಕಿದಾಗ ಬರುವ ಹಳದಿ ಬೇರೆ. ಒಂದು ಕ್ಷಣ ಉರಿಯೆಲ್ಲ ಕಿತ್ತಳೆ ಹಳದಿಯಾಗಿ ಭಗ್ ಅನ್ನುತ್ತದಲ್ಲ, ಅದು ಉಪ್ಪಿನ ಸೋಡಿಯಂ. ಶಾಖಕ್ಕೆ ಸೋಡಿಯಂ ಪರಮಾಣುವಿನ ಎಲೆಕ್ಟ್ರಾನ್ ಒಂದು ಮೆಟ್ಟಿಲು ಮೇಲೆ ಹಾರುತ್ತದೆ, ಕೆಳಗೆ ಇಳಿಯುವಾಗ ಬೆಳಕು ಬಿಡುತ್ತದೆ. ಮೆಟ್ಟಿಲಿನ ಎತ್ತರ ಗೊತ್ತುಪಡಿಸಿದ್ದು, ಅದಕ್ಕೇ ಬಣ್ಣವೂ ಯಾವಾಗಲೂ ಅದೇ. ಒಂದೊಂದು ಧಾತುವಿಗೂ ಒಂದೊಂದು ಥರದ ಮೆಟ್ಟಿಲು, ಒಂದೊಂದು ಥರದ ಬಣ್ಣ. 1868ರ ಆಗಸ್ಟ್ 18ರ ಸೂರ್ಯಗ್ರಹಣವನ್ನು ನೋಡಲು ಫ್ರಾನ್ಸಿನ ಖಗೋಳ ವಿಜ್ಞಾನಿ ಜಾನ್ಸೆನ್ ಗುಂಟೂರಿಗೆ ಬಂದಿದ್ದರು. ಆ ಗ್ರಹಣದ ವರ್ಷವೇ ಸೂರ್ಯನ ಬೆಳಕಿನಲ್ಲಿ ಸೋಡಿಯಂ ಗೆರೆಯ ಪಕ್ಕದಲ್ಲಿ, ಆದರೆ ಅದರದ್ದಲ್ಲದ ಇನ್ನೊಂದು ಹಳದಿ ಗೆರೆ ಸಿಕ್ಕಿತು. ಅದು ಭೂಮಿಯಲ್ಲಿ ಇನ್ನೂ ಯಾರೂ ಕಂಡಿರದ ಧಾತು ಎಂದು ಇಂಗ್ಲೆಂಡಿನ ಲಾಕ್ಯರ್ ಹೇಳಿದರು. ಅದೇ ಹೀಲಿಯಂ.

ಮತ್ತೆ ಪಾತ್ರೆಗೆ ಬರೋಣ. ಹತ್ತಿರ ಹತ್ತಿರ ಎರಡು ಸಾವಿರ ಡಿಗ್ರಿಯ ಉರಿಯಲ್ಲಿ ಕಣಗಳು ಹುಚ್ಚೆದ್ದು ಓಡುತ್ತಿರುತ್ತವೆ. ಅವು ಪಾತ್ರೆಯ ತಳಕ್ಕೆ ಗುದ್ದುತ್ತವೆ. ಉಕ್ಕಿನ ಪರಮಾಣುಗಳು ನಿಂತಲ್ಲೇ ನಡುಗುತ್ತವೆ, ಆ ನಡುಕ ಪಕ್ಕದ್ದಕ್ಕೆ ದಾಟಿ ದಾಟಿ ಒಳಗಿನ ನೀರಿಗೆ ತಲುಪುತ್ತದೆ. ಒಂದು ಲೀಟರ್ ನೀರು ಕುದಿ ಬರಲು, ಒಲೆಯಿಂದ ಸುಮ್ನೆ ಗಾಳಿಗೆ ಹೋಗುವ ಶಾಖವನ್ನೂ ಸೇರಿಸಿದರೆ, 10 ಗ್ರಾಂ ಆಸುಪಾಸು ಗ್ಯಾಸ್ ಸಾಕು.

ಕುದಿಯಲು ಶುರುವಾದ ಮೇಲೆ ಒಂದು ವಿಚಿತ್ರ ನಡೆಯುತ್ತದೆ. ಉರಿ ಎಷ್ಟೇ ಜೋರು ಮಾಡಿ, ನೀರು ಇನ್ನಷ್ಟು ಬಿಸಿಯಾಗುವುದಿಲ್ಲ. ಕೊಟ್ಟ ಶಕ್ತಿಯೆಲ್ಲ ನೀರಿನ ಕಣಗಳನ್ನು ಒಂದರಿಂದ ಒಂದು ಕಿತ್ತು ಆವಿ ಮಾಡುವುದಕ್ಕೇ ಹೋಗುತ್ತದೆ. ಇಲ್ಲೂ ಬಿಡಿಸುವುದೇ ಖರ್ಚಿನ ಕೆಲಸ. 25 ಡಿಗ್ರಿಯ ಒಂದು ಲೀಟರ್ ನೀರನ್ನು 100 ಡಿಗ್ರಿಗೆ ತರಲು ಬೇಕಾದದ್ದರ ಏಳರಷ್ಟು ಶಕ್ತಿ, ಅದನ್ನು ಪೂರ್ತಿ ಆವಿ ಮಾಡಲು ಬೇಕು. ಹಾಗಾಗಿ ಬೇಳೆ ಕುದಿಯುತ್ತಿರುವಾಗ ಉರಿ ದೊಡ್ಡದು ಮಾಡಿದರೆ ಬೇಳೆ ಬೇಗ ಬೇಯುವುದಿಲ್ಲ, ನೀರು ಬೇಗ ಬತ್ತುತ್ತದೆ ಅಷ್ಟೇ. ಇದನ್ನು ನಮ್ಮ ಮನೆಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಕುದಿ ಬಂದ ಮೇಲೆ ಸಣ್ಣ ಉರಿ, ಮೇಲೊಂದು ತಟ್ಟೆ.

ಬೇಗ ಬೇಯಬೇಕು ಅಂದರೆ ಕುದಿಯುವ ಬಿಂದುವನ್ನೇ ಏರಿಸಬೇಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ, ಗಾಳಿಯ ಒತ್ತಡ ಕಡಿಮೆ. ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಮಂಗಳೂರಿನಲ್ಲಿ 100ಕ್ಕೆ. ಕುಕ್ಕರ್ ಆವಿಯನ್ನು ಒಳಗೇ ಹಿಡಿದು ಒತ್ತಡ ಏರಿಸಿ 120 ಡಿಗ್ರಿಯ ಹತ್ತಿರ ಒಯ್ಯುತ್ತದೆ. ಇಪ್ಪತ್ತು ಡಿಗ್ರಿ ಕೇಳೋಕೆ ಸಣ್ಣದು, ಕಡಲೆಕಾಳು ಬೇಯಿಸಿ ನೋಡಿದವರಿಗೆ ಅದರ ಬೆಲೆ ಗೊತ್ತು.

ಅಡುಗೆ ಮುಗಿಯಿತು, ಒಲೆ ಆರಿತು. 180 ಯೂನಿಟ್ ಶಕ್ತಿಯೂ ಎಲ್ಲೂ ಕಳೆದುಹೋಗಿಲ್ಲ. ಗೋಡೆ, ಗಾಳಿ, ಸಿಂಕಿಗೆ ಚೆಲ್ಲಿದ ಗಂಜಿ, ಊಟ ಮಾಡಿದ ನಮ್ಮ ಮೈ, ಎಲ್ಲದರ ಪರಮಾಣುಗಳೂ ಒಂದು ಚೂರು ಜಾಸ್ತಿ ನಡುಗುತ್ತಿವೆ. ಆದರೆ ಸಾವಿರಾರು ಜೇಬಿಗೆ ಒಂದೊಂದು ಪೈಸೆ ಹಂಚಿದ ಹಾಗಾಯಿತು. ದುಡ್ಡು ಇದೆ, ಅದನ್ನು ಕೂಡಿಸಿ ಇನ್ನೊಂದು ಕಾಫಿ ಮಾಡಲು ಆಗುವುದಿಲ್ಲ.

ಒಂದು ಬಾಕಿ ಉಳಿದಿದೆ. ವಸ್ತು ಶಾಖ ಆಗುವುದೇ ಇಲ್ಲ ಎಂದು ಇಷ್ಟು ಹೊತ್ತು ವಾದ ಮಾಡಿದೆ. ಕೊನೆಯ ಪೈಸೆಯವರೆಗೆ ಲೆಕ್ಕ ಹಾಕಿದರೆ ಒಂದಿಷ್ಟು ಹೋಗಿರುತ್ತದೆ. ಐನ್‌ಸ್ಟೈನ್ 1905ರಲ್ಲಿ ತೋರಿಸಿದ ಹಾಗೆ, ಶಕ್ತಿ ಹೊರಗೆ ಹೋದರೆ ಅದರ ಜೊತೆ ತೂಕವೂ ಹೋಗುತ್ತದೆ. ಗಟ್ಟಿಯಾಗಿ ಕೂಡಿಕೊಂಡ ಹೊಸ ಜೋಡಿಗಳ ತೂಕ ಹಳೆಯದಕ್ಕಿಂತ ಒಂದು ಎಳೆ ಕಡಿಮೆ. ಇಡೀ ಸಿಲಿಂಡರಿಗೆ ಎಷ್ಟು? ಸುಮಾರು 7 ಮೈಕ್ರೋಗ್ರಾಂ. ಪುಡಿ ಉಪ್ಪಿನ ಒಂದು ಕಣದ ಎಂಟನೇ ಒಂದು ಭಾಗದಷ್ಟು. ಲಾವಾಸಿಯೇ ಅವರ ತಕ್ಕಡಿಗೂ ಅದು ಸಿಗುತ್ತಿರಲಿಲ್ಲ, ನಮ್ಮ ಗ್ಯಾಸ್‌ನವರ ಕೈತಕ್ಕಡಿಗಂತೂ ಬಿಡಿ.

ಪರಮಾಣುವಿನ ಹೊರಗಿನ ಎಲೆಕ್ಟ್ರಾನ್‌ಗಳು ಜೊತೆ ಬದಲಿಸಿದರೆ ಇಷ್ಟೇ ಸಿಗುವುದು. ಒಳಗಿನ ಬೀಜವೇ ಒಡೆದರೆ ಲೆಕ್ಕ ಬೇರೆ. ಉತ್ತರ ಕನ್ನಡದ ಕೈಗಾ ಅಣುವಿದ್ಯುತ್ ಸ್ಥಾವರದ ಮೊದಲ ಘಟಕ 2018ರ ಡಿಸೆಂಬರ್ 31ರಂದು ನಿಂತಾಗ, ಅದು ಎಡೆಬಿಡದೆ 962 ದಿನ ಓಡಿತ್ತು. ಆಗ ಅದು ವಿಶ್ವದಾಖಲೆ. ಆ ದಿನಗಳಲ್ಲಿ ತಯಾರಾದದ್ದು ಸುಮಾರು 500 ಕೋಟಿ ಯೂನಿಟ್ ಕರೆಂಟ್. ಅಷ್ಟಕ್ಕೂ ಯುರೇನಿಯಂ ಬೀಜಗಳಲ್ಲಿ ಕಡಿಮೆಯಾದ ತೂಕ ಲೆಕ್ಕ ಹಾಕಿದರೆ ಸುಮಾರು 700 ಗ್ರಾಂ. ಮುಕ್ಕಾಲು ಕಿಲೋ ತೊಗರಿಬೇಳೆಯ ಪೊಟ್ಟಣಕ್ಕೂ ಕಡಿಮೆ.

ಆ 43 ಕಿಲೋ ಇಂಗಾಲದ ಡೈಆಕ್ಸೈಡ್ ಮಾತ್ರ ಇನ್ನೂ ಹೊರಗೆ ಅಲೆಯುತ್ತಿದೆ. ಹತ್ತಿರ ಹತ್ತಿರ ಅರ್ಧದಷ್ಟು ಆಕಾಶದಲ್ಲೇ ಉಳಿದು ಭೂಮಿಯ ಸೆಕೆ ಏರಿಸುವ ಕೆಲಸಕ್ಕೆ ಹೋಗುತ್ತದೆ, ಒಂದು ಪಾಲು ಸಮುದ್ರಕ್ಕೆ, ಒಂದು ಪಾಲು ಗಿಡಮರಗಳಿಗೆ. ನಮ್ಮ ಅಡುಗೆಮನೆ ಕಿಟಕಿಯ ಆಚೆ ಒಂದು ನುಗ್ಗೆಮರ ಇದೆ. ಕೆಲವು ಕಣಗಳು ಅದರ ಎಲೆಯೊಳಗೆ ಹೊಕ್ಕಿರಲೇಬೇಕು. ಹೋದ ಭಾನುವಾರ ಅದರ ಕಾಯಿ ಕಿತ್ತು ಹುಳಿ ಮಾಡಿದೆವು, ಹೊಸ ಸಿಲಿಂಡರಿನ ಮೇಲೆ.